ಅಂಟುವ ಗದೆಯ ಬಣ್ಣ ಕಿತ್ತು ಹೊಸದಾಗಿ ಬಳಿಯುವ ಕ್ರಮ

ಯಕ್ಷಗಾನದಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುವಾಗ ಗದೆಯನ್ನು ಹೆಗಲಿಗೆ ಆನಿಸಿ ನಿಲ್ಲುವುದು ಭೀಮನ ವೇಷಕ್ಕೆ ಒಪ್ಪುವ ಭಂಗಿ. ಕಳೆದ ವರ್ಷ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಒಂದು ಜಾತ್ರೆಯಲ್ಲಿ ನಮ್ಮ ಹವ್ಯಾಸಿ ಸಂಘದ ಆಟ ನಡೆದಾಗ ಭೀಮನ ಪಾತ್ರ ಮಾಡಿದವರು ಹಾಗೆ ನಿಂತು ಮಾತು ಮುಗಿಸಿದರು. ಹಾಡುಗಾರರಾದ ಭಾಗವತರು ಮುಂದಿನ ಪದ ಎತ್ತಿದಾಗ ಗದೆಯನ್ನು ಕೆಳಗಿಳಿಸಲು ಹೋದರೆ ಅದು ದಗಲೆಯ (ವೇಷದ ಮೇಲಂಗಿಯ) ಕೆಂಪು ಮಕಮಲ್ಲಿಗೆ ಅಂಟಿಕೊಂಡಿತ್ತು. ಅವರು ಎಳೆದು ಬಿಡಿಸಿಕೊಂಡರು, ಆಟ ನಿಲ್ಲಲಿಲ್ಲ. ಆದರೆ ಬೆಳಗಿನ ಜಾವ ವೇಷ ಕಟ್ಟುವ ಚೌಕಿಯಲ್ಲಿ ಅದನ್ನು ದೀಪದ ಹತ್ತಿರ ಹಿಡಿದು ನೋಡಿದಾಗ ಗದೆಯ ಗುಂಡಗಿನ ಬುರುಡೆಯ ಬಂಗಾರ ಬಣ್ಣದ ಮೇಲೆ ಅಂಗೈಯಗಲಕ್ಕೆ ಮಕಮಲ್ಲಿನ ಕೆಂಪು ನವಿರು ಎದ್ದು ನಿಂತಿತ್ತು. ಇನ್ನೊಂದು ಮಗ್ಗುಲಲ್ಲಿ, ಪೆಟ್ಟಿಗೆಯಲ್ಲಿಡುವಾಗ ಸುತ್ತಿದ್ದ ಪತ್ರಿಕೆಯ ಅಕ್ಷರಗಳು ತಿರುವುಮುರುವಾಗಿ ಅಚ್ಚೊತ್ತಿಕೊಂಡಿದ್ದವು. ಚೌಕಿಯ ಕನ್ನಡಿಗೆ ಹಿಡಿದರೆ ‘ಅಡಿಕೆ ಧಾರಣೆ’ ಎಂಬ ತಲೆಬರಹವನ್ನು ಸರಿಯಾಗಿ ಓದಬಹುದಿತ್ತು.

ಆ ಬಣ್ಣ ಬಳಿದು ಅಂದಿಗೆ ಎಂಟು ತಿಂಗಳಾಗಿತ್ತು. ಎಂಟು ತಿಂಗಳಲ್ಲಿ ಒಣಗದ ಬಣ್ಣ ಇನ್ನು ಒಣಗಲಾರದು, ಮತ್ತು ಅದರ ಮೇಲೆ ಇನ್ನೊಂದು ಕೋಟು ಬಳಿದರೂ ಅಂಟು ಹೋಗದು. ಮೇಲೆ ಬಳಿದ ಹೊಸ ಬಣ್ಣ ಕೆಳಗಿನ ಮೆತ್ತಗಿನ ಪದರದ ಮೇಲೆ ಕೂತು ಸ್ವಲ್ಪ ದಿನ ಗಟ್ಟಿಯಾದಂತೆ ಕಂಡು, ಆಮೇಲೆ ಬಿರುಕು ಬಿಡುತ್ತದೆ ಅಥವಾ ತಾನೂ ಅಂಟತೊಡಗುತ್ತದೆ. ಟಾಲ್ಕಮ್ ಪೌಡರ್ ಉದುರಿಸಿ ಒರೆಸುವುದು ಒಂದು ರಾತ್ರಿಯ ಆಟಕ್ಕೆ ಸಾಕಾಗುವ ಉಪಾಯ, ಅಷ್ಟೇ. ಹಾಗಾಗಿ ಅಂಟುವ ಬಣ್ಣವನ್ನು ಗಟ್ಟಿ ತಳ ಸಿಗುವವರೆಗೆ ಕಿತ್ತು ತೆಗೆಯಬೇಕು. ಅದಕ್ಕೂ ಮೊದಲು ಅದು ಯಾಕೆ ಅಂಟುತ್ತಿದೆ ಎಂಬುದನ್ನು ಕಂಡುಕೊಳ್ಳಬೇಕು. ಕಾರಣ ತಿಳಿಯದೆ ಕಿತ್ತು ಬಳಿದರೆ ಮುಂದಿನ ವರ್ಷ ಇದೇ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.

ಗದೆಗೆ ಬಳಿದಿದ್ದ ಎನಾಮಲ್ ಬಣ್ಣ ಒಣಗುವುದು ಒದ್ದೆ ಬೈರಾಸು (ಟವೆಲ್) ಆರುವ ಹಾಗಲ್ಲ. ಮೊದಲು ಅದರಲ್ಲಿರುವ ಟರ್ಪೆಂಟೈನ್ ಆವಿಯಾಗಿ ಹೋಗುತ್ತದೆ. ಆಮೇಲೆ ಉಳಿದ ಎಣ್ಣೆ ಮತ್ತು ರಾಳದ ಅಂಶ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ, ಒಂದಕ್ಕೊಂದು ಹೆಣೆದುಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಈ ಎರಡನೆಯ ಹಂತಕ್ಕೆ ಗಾಳಿ, ಬೆಳಕು, ಸಾಕಷ್ಟು ಬಿಸುಪು ಮತ್ತು ಸಮಯ ಬೇಕು. ದಪ್ಪಗೆ ಬಳಿದರೆ ಮೇಲ್ಮೈ ಮೊದಲು ಕೆನೆಗಟ್ಟುತ್ತದೆ. ಆ ಕೆನೆ ಒಳಗಿನ ಬಣ್ಣಕ್ಕೆ ಗಾಳಿ ಹೋಗದಂತೆ ಮುಚ್ಚಿಬಿಡುತ್ತದೆ ಮತ್ತು ಒಳಗೆ ಸಿಕ್ಕಿಬಿದ್ದ ಟರ್ಪೆಂಟೈನ್ ಹೊರಬರಲಾಗದೆ ಕೆನೆಯನ್ನೇ ಮೆತ್ತಗೆ ಮಾಡುತ್ತಿರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ, ಗೋಡೆಯೇ ಬೆವರುವ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು), ಬಾಗಿಲು ಮುಚ್ಚಿದ ಕೋಣೆಯೊಳಗೆ ಒಂದೇ ಸಂಜೆ ಎರಡು ದಪ್ಪ ಕೋಟು ಬಳಿದರೆ ಆಗುವುದು ಇದೇ. ನಾವು ಮಾಡಿದ್ದೂ ಹಾಗೆಯೇ. ಪತ್ತನಾಜೆಗೆ, ಅಂದರೆ ತುಳು ಬೇಶ ತಿಂಗಳ ಹತ್ತನೆಯ ದಿನಕ್ಕೆ, ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ವೇಷಭೂಷಣದ ಪೆಟ್ಟಿಗೆಗಳು ಮನೆ ಸೇರುವುದು ಮೇ ತಿಂಗಳ ಕೊನೆಯಲ್ಲಿ, ದುರಸ್ತಿಗೆ ಬಿಡುವು ಸಿಗುವುದು ಅದರ ನಂತರ, ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಹೀಗಾಗಿ ನಮ್ಮ ಊರುಗಳಲ್ಲಿ ವೇಷದ ಸಾಮಾನಿಗೆ ಬಣ್ಣ ಬೀಳುವುದು ವರ್ಷದಲ್ಲೇ ಬಣ್ಣಕ್ಕೆ ಅತ್ಯಂತ ಕೆಟ್ಟ ತಿಂಗಳುಗಳಲ್ಲಿ.

ಇದಲ್ಲದೆ ಬೇರೆ ಕಾರಣಗಳೂ ಇರುತ್ತವೆ. ಅವುಗಳಲ್ಲಿ ಮುಖ್ಯವಾದುದು ತೆಂಗಿನೆಣ್ಣೆ. ಆಟ ಮುಗಿದ ಮೇಲೆ ಮುಖದ ಬಣ್ಣ ತೆಗೆಯುವುದು ತೆಂಗಿನೆಣ್ಣೆಯಿಂದ, ಅದೇ ಕೈಯಲ್ಲಿ ಗದೆ, ಬಿಲ್ಲು, ಕಿರೀಟ ಎಲ್ಲವನ್ನೂ ಪೆಟ್ಟಿಗೆಗೆ ತುಂಬುವುದು ವಾಡಿಕೆ. ಅಗಸೆ ಎಣ್ಣೆಯಂಥವು ಗಾಳಿಗೆ ಗಟ್ಟಿಯಾಗುವ ಎಣ್ಣೆಗಳು, ಆದ್ದರಿಂದಲೇ ಅವು ಬಣ್ಣಕ್ಕೆ ಬರುತ್ತವೆ. ತೆಂಗಿನೆಣ್ಣೆ ಎಷ್ಟು ವರ್ಷ ಇಟ್ಟರೂ ಗಟ್ಟಿಯಾಗುವ ಜಾತಿಯದಲ್ಲ. ಅದು ಮರಕ್ಕೆ ಇಳಿದ ಜಾಗದಲ್ಲಿ ಬಳಿದ ಬಣ್ಣ ಹಿಡಿಯುವುದೂ ಇಲ್ಲ, ಸರಿಯಾಗಿ ಒಣಗುವುದೂ ಇಲ್ಲ. ತೇಗ ಮತ್ತು ಬೀಟಿಯಂಥ ಮರಗಳಲ್ಲಿ ಅವುಗಳದೇ ಎಣ್ಣೆಯಂಶವಿದ್ದು ಅದೂ ಬಣ್ಣ ಒಣಗುವುದನ್ನು ತಡೆಯುತ್ತದೆ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಹಳೆಯ ಡಬ್ಬಿಯ ಬಣ್ಣದಲ್ಲಿ ಒಣಗಿಸಲೆಂದು ಬೆರೆಸಿದ ಲೋಹದ ಲವಣಗಳು ಶಕ್ತಿ ಕಳೆದುಕೊಂಡಿರುತ್ತವೆ. ಅಂಥ ಬಣ್ಣ ಎಷ್ಟು ಚೆನ್ನಾಗಿ ಕಲಕಿದರೂ ಒಣಗಲು ತಡಮಾಡುತ್ತದೆ.

ಇನ್ನೊಂದು ಕಾರಣವನ್ನು ನಾವು ಕಂಡುಕೊಂಡದ್ದು ಗದೆಯ ಹಿಡಿಯಲ್ಲಿ. ಹಿಡಿಗೆ ಯಾರೋ ರೆಕ್ಸಿನ್ ಸುತ್ತಿ ಅದರ ಮೇಲೆ ಬಣ್ಣ ಬಳಿದಿದ್ದರು. ರೆಕ್ಸಿನ್, ವಯರಿಗೆ ಸುತ್ತುವ ಟೇಪು, ಮೆತ್ತಗಿನ ಪ್ಲಾಸ್ಟಿಕ್ ಗೊಂಬೆ ಇವೆಲ್ಲ ಬಾಗುವಂತಿರಲು ಅವುಗಳಲ್ಲಿ ಎಣ್ಣೆಯಂಥ ಒಂದು ದ್ರವವನ್ನು ಬೆರೆಸಿರುತ್ತಾರೆ. ಆ ದ್ರವ ಸದಾ ಹೊರಕ್ಕೆ ಒಸರುತ್ತ ಮೇಲಿನ ಎನಾಮಲನ್ನು ಒಳಗಿನಿಂದಲೇ ಮೆತ್ತಗಾಗಿಸುತ್ತದೆ. ಬುರುಡೆಯ ಬಣ್ಣ ಕಾಯಿಸಿದರೆ, ಬಿಸಿಲಿಗಿಟ್ಟರೆ ಒಂದಿಷ್ಟಾದರೂ ಬಿಗಿಯಾಗುತ್ತಿತ್ತು; ಹಿಡಿಯದು ಬಿಸಿಲು ಕಂಡಷ್ಟೂ ಹೆಚ್ಚು ಜಿಗುಟಾಗುತ್ತಿತ್ತು. ಒಂದೇ ಗದೆಯಲ್ಲಿ ಎರಡು ಬೇರೆ ಬೇರೆ ರೋಗಗಳಿದ್ದವು.

ಪರೀಕ್ಷೆಗೆ ಹೆಚ್ಚಿನ ಸಲಕರಣೆ ಬೇಡ. ಹೆಬ್ಬೆರಳನ್ನು ಬಲವಾಗಿ ಒತ್ತಿ ಅಲ್ಲೇ ತಿರುಚಬೇಕು. ಗೆರೆಗಳ ಗುರುತು ಮಾತ್ರ ಬಿದ್ದರೆ ಮೇಲ್ಮೈ ದೋಷ, ಬಣ್ಣವೇ ಸುಕ್ಕುಗಟ್ಟಿ ಜಾರಿದರೆ ಒಳಗೆಲ್ಲ ಹಸಿ. ಹೂ ಕಟ್ಟುವ ಸೂಜಿಯನ್ನು ಮೆಲ್ಲಗೆ ಚುಚ್ಚಿ ತೆಗೆದಾಗ ತುದಿಗೆ ಬಣ್ಣದ ನೂಲು ಎಳೆದು ಬಂದರೆ ಕೆನೆಯ ಕೆಳಗೆ ಒಣಗಿಲ್ಲವೆಂದೇ ಅರ್ಥ. ಬಣ್ಣ ಯಾವ ಜಾತಿಯದೆಂದು ತಿಳಿಯಲು ಹತ್ತಿಯನ್ನು ಪಾಲಿಶ್ ಸ್ಪಿರಿಟ್‌ನಲ್ಲಿ ಅದ್ದಿ ಕಾಣದ ಜಾಗದಲ್ಲಿ ಅರ್ಧ ನಿಮಿಷ ಉಜ್ಜಬೇಕು. ಅಕ್ರಿಲಿಕ್, ಎಮಲ್ಷನ್ ಮುಂತಾದ ನೀರಿನ ಬಣ್ಣಗಳು ಕರಗಿ ಹತ್ತಿಗೆ ಬರುತ್ತವೆ, ಚೆನ್ನಾಗಿ ಒಣಗಿದ ಎಣ್ಣೆಯ ಎನಾಮಲ್ ಬರುವುದಿಲ್ಲ. ಅಂಟುವ ಎನಾಮಲ್ ಸ್ವಲ್ಪ ಬರಬಹುದು, ಆಗ ಟರ್ಪೆಂಟೈನ್ ಹತ್ತಿಯಲ್ಲಿ ಇನ್ನೂ ಸುಲಭವಾಗಿ ಬರುತ್ತದೆ ಎಂಬುದರಿಂದ ವ್ಯತ್ಯಾಸ ತಿಳಿಯುತ್ತದೆ.

ಕೀಳುವ ಕೆಲಸಕ್ಕೆ ಮಳೆಗಾಲ ಅಡ್ಡಿಯಲ್ಲ. ಜಗಲಿಯಲ್ಲಿ ಕುಳಿತು ಜೂನ್‌ನಿಂದ ಆಗಸ್ಟ್‌ವರೆಗೆ ಸಾವಕಾಶವಾಗಿ ಕಿತ್ತು, ಉಜ್ಜಿ, ಮರವನ್ನು ಬರಿದು ಮಾಡಿಟ್ಟುಕೊಂಡು, ಬಳಿಯುವುದನ್ನು ಆಟಿಯ ಮುಂದಿನ ಸೋಣ ತಿಂಗಳ ಬಿಸಿಲಿಗೆ ಕಾಯಿರಿಸುವುದು ನನ್ನ ಮಟ್ಟಿಗೆ ಅತ್ಯುತ್ತಮ ಕ್ರಮ. ನವರಾತ್ರಿಯ ಆಟಕ್ಕೆ ಬೇಕಾದರೂ ಬಣ್ಣ ಹಣಿಯಲು (ಒಳಗಿನವರೆಗೂ ಗಟ್ಟಿಯಾಗಲು) ಸಮಯ ಸಿಗುತ್ತದೆ. ತುರ್ತಿದೆಯೆಂದು ಆಟಿಯಲ್ಲೇ ಬಳಿದು ಮುಗಿಸುವ ಆಸೆಯನ್ನು ಬಿಡಬೇಕು.

ಮೊದಲು ಗದೆಯ ಮೇಲಿನ ಕನ್ನಡಿ ಚೂರು, ಮಣಿ, ಜರಿಪಟ್ಟಿ, ಬೇಗಡೆ ಇವುಗಳನ್ನು ಬಿಡಿಸಬೇಕು. ಬಿಡಿಸುವ ಮುನ್ನ ನಾಲ್ಕೂ ಬದಿಯಿಂದ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಮುಂದೆ ಯಾವುದು ಎಲ್ಲಿತ್ತೆಂಬ ಚರ್ಚೆ ಬರುವುದಿಲ್ಲ. ಹಳೆಯ ಬೇಗಡೆಯನ್ನು ಎಳೆಯಬಾರದು. ಅಂಚಿಗೆ ಉಗುರುಬೆಚ್ಚಗಿನ ನೀರು ಸವರಿ ಅಂಟು ನೆನೆದ ಮೇಲೆ ತೆಳ್ಳಗಿನ ಬ್ಲೇಡಿನಿಂದ ಎಬ್ಬಿಸಬೇಕು. ರೆಕ್ಸಿನ್ನನ್ನು ಪೂರ್ತಿ ಕತ್ತರಿಸಿ ಎಸೆಯಬೇಕು, ಅದನ್ನು ಉಳಿಸಿಕೊಂಡು ಬಣ್ಣ ಬಳಿಯುವ ದಾರಿ ಇಲ್ಲ.

ಅಂಟುವ ಬಣ್ಣದ ಮೇಲೆ ನೇರವಾಗಿ ಮರಳುಕಾಗದ ಹಾಕುವುದು ಎಲ್ಲರೂ ಮಾಡುವ ಮೊದಲ ತಪ್ಪು. ನಾಲ್ಕು ಸಲ ಉಜ್ಜುವಷ್ಟರಲ್ಲಿ ಕಾಗದದ ಹರಳುಗಳ ಮಧ್ಯೆ ಬಣ್ಣ ತುಂಬಿ ಅದು ಬರಿಯ ರಟ್ಟಾಗುತ್ತದೆ, ಉಜ್ಜಿದ ಬಿಸಿಗೆ ಬಣ್ಣ ಇನ್ನಷ್ಟು ಹರಡುತ್ತದೆ. ಮೊದಲು ಕೆರೆಯಬೇಕು. ನಮ್ಮ ಗದೆ ಪಾಲೆ ಮರದ್ದು. ಆಟಿ ಅಮಾವಾಸ್ಯೆಯ ಬೆಳಗ್ಗೆ ಯಾವ ಮರದ ತೊಗಟೆಯ ಕಷಾಯ ಕುಡಿಯುತ್ತೇವೋ ಅದೇ ಮರ. ಹಗುರ, ಕೆತ್ತಲು ಸುಲಭ, ಉಗುರು ಊರಿದರೂ ಗುರುತು ಬೀಳುವಷ್ಟು ಮೃದು. ಕಬ್ಬಿಣದ ಪಟ್ಟಿಯಿಂದ ಕೆರೆದರೆ ಬಣ್ಣದ ಜೊತೆ ಮರವೂ ಬರುತ್ತದೆ. ನಾನು ಬಳಸಿದ್ದು ತೆಂಗಿನ ಗೆರಟೆಯ (ಚಿಪ್ಪಿನ) ಚೂರು. ಒಣಗಿದ ಗಟ್ಟಿ ಗೆರಟೆಯನ್ನು ಮೂರು ಬೆರಳಿನಗಲಕ್ಕೆ ಒಡೆದು, ಅಂಚನ್ನು ಕಲ್ಲಿಗೆ ಉಜ್ಜಿ ನೇರ ಮಾಡಿಕೊಂಡರೆ ಬಣ್ಣಕ್ಕಿಂತ ಗಟ್ಟಿಯಾದ, ಆದರೆ ಮರವನ್ನು ಅಷ್ಟಾಗಿ ಕಡಿಯದ ಕೆರೆಯುವ ಸಾಧನ ಸಿದ್ಧ. ಅದರ ಸಹಜವಾದ ಬಾಗು ಗದೆಯ ಗುಂಡಗಿನ ಬುರುಡೆಗೆ ಚೆನ್ನಾಗಿ ಹೊಂದುತ್ತದೆ. ಉಬ್ಬುಗೆರೆಗಳ ಸಂದಿಗೆ ಬಿದಿರಿನ ಕಡ್ಡಿಯನ್ನು ಉಳಿಯಂತೆ ಚೂಪು ಮಾಡಿಕೊಂಡೆ.

ಕೆರೆಯುವ ಮೊದಲು ಬಣ್ಣವನ್ನು ಸಡಿಲಿಸಬೇಕು. ಹಳೆಯ ಹತ್ತಿ ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ನೆನೆಸಿ, ಹಿಂಡಿ, ಒಂದು ಗೇಣಿನಷ್ಟು ಜಾಗಕ್ಕೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 20ರಿಂದ 30 ನಿಮಿಷ ಬಿಟ್ಟರೆ ಅಂಟುವ ಎನಾಮಲ್ ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಏಳುತ್ತದೆ. ಅರ್ಧ ಒಣಗಿದ ಬಣ್ಣ ಎಂಬುದೇ ಇಲ್ಲಿ ಅನುಕೂಲ, ಪೂರ್ತಿ ಒಣಗಿದ ಎನಾಮಲ್ ಟರ್ಪೆಂಟೈನಿಗೆ ಜಗ್ಗುವುದಿಲ್ಲ. ಒಂದು ಸಲಕ್ಕೆ ಒಂದು ಗೇಣು ಮಾತ್ರ ತೆಗೆದುಕೊಂಡು, ಕೆರೆದು, ಒರೆಸಿ, ಮುಂದಿನ ಗೇಣಿಗೆ ಹೋಗಬೇಕು. ಕೆರೆದ ಹೊಲಸು ಬೀಳಲು ಕೆಳಗೆ ಅಡಿಕೆ ಹಾಳೆಯನ್ನು ಇಟ್ಟುಕೊಂಡರೆ ಅದರ ಮಡಚಿದ ಅಂಚು ಏನನ್ನೂ ಹೊರಚೆಲ್ಲಲು ಬಿಡುವುದಿಲ್ಲ.

ಅಂಗಡಿಯಲ್ಲಿ ಸಿಗುವ ಪೇಂಟ್ ರಿಮೂವರ್ ವೇಗವಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನು ಕೊನೆಯ ಆಯ್ಕೆಯಾಗಿಯೇ ಇಡಬೇಕೆಂದು ನನ್ನ ಅಭಿಪ್ರಾಯ. ಡಬ್ಬಿಯ ಮೇಲೆ ಮೆಥಿಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಎಂದಿದ್ದರೆ ಅದರ ಆವಿ ಮುಚ್ಚಿದ ಕೋಣೆಯಲ್ಲಿ ಪ್ರಾಣಾಪಾಯ ಉಂಟುಮಾಡಬಲ್ಲದು; ಅಮೆರಿಕದಲ್ಲಿ ಅಂಥ ಬಣ್ಣ ಕೀಳುವ ದ್ರಾವಣವನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು 2019ರಲ್ಲಿ ನಿಷೇಧಿಸಿದ್ದಾರೆ. ಆಸ್ಪತ್ರೆಯಲ್ಲಿ ಬಳಸುವಂಥ ತೆಳ್ಳಗಿನ ಕೈಗವಸಿನೊಳಕ್ಕೆ ಅದು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಇನ್ನೊಂದು ವಿಷಯ ಬಣ್ಣಕ್ಕೇ ಸಂಬಂಧಿಸಿದ್ದು. ಈ ದ್ರಾವಣ ಬೇಗ ಆರದಿರಲೆಂದು ಅದರಲ್ಲಿ ಮೇಣ ಬೆರೆಸಿರುತ್ತಾರೆ. ಬಣ್ಣ ಕಿತ್ತ ಮೇಲೆ ಆ ಮೇಣ ಮರದ ಮೇಲೆ ಉಳಿಯುತ್ತದೆ ಮತ್ತು ಅದನ್ನು ಟರ್ಪೆಂಟೈನ್ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ತೆಗೆಯದಿದ್ದರೆ ಹೊಸ ಬಣ್ಣವೂ ಅಂಟತೊಡಗುತ್ತದೆ. ಕಾಸ್ಟಿಕ್ ಸೋಡಾದ ನೀರಿನಲ್ಲಿ ಮುಳುಗಿಸುವ ಕ್ರಮವೂ ಕೆಲವೆಡೆ ಇದೆ. ಎಣ್ಣೆಯ ಬಣ್ಣವನ್ನು ಅದು ಸಾಬೂನಾಗಿಸಿ ತೆಗೆಯುತ್ತದೆ ಎಂಬುದು ನಿಜ, ಆದರೆ ಮೃದು ಮರದ ನಾರು ಎದ್ದು, ಕಪ್ಪಾಗಿ, ಕೀಲುಗಳ ಅಂಟು ಬಿಟ್ಟುಹೋಗುತ್ತದೆ. ಕೆತ್ತನೆಯ ವಸ್ತುವಿಗೆ ಅದು ಬೇಡ.

ಹಳೆಯ ಪೆಟ್ಟಿಗೆಯ ವಸ್ತುಗಳಿಗೆ ಒಂದು ಎಚ್ಚರಿಕೆ ಅಗತ್ಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರಕಾರದ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕಿಂತ ಹಿಂದೆ ಬಳಿದ ಹಳದಿ, ಕೇಸರಿ, ಕೆಂಪು ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅಜ್ಜನ ಕಾಲದ ಕಿರೀಟವನ್ನೋ ಭುಜಕೀರ್ತಿಯನ್ನೋ ಒಣಗಿದ ಮರಳುಕಾಗದದಿಂದ ಉಜ್ಜಿ ದೂಳೆಬ್ಬಿಸಬಾರದು, ಬಿಸಿಗಾಳಿಯ ಯಂತ್ರದಿಂದ ಕಾಯಿಸಲೂಬಾರದು. ನೀರು ಚಿಮುಕಿಸಿ, ನೀರಿಗೆ ತಡೆಯುವ ಮರಳುಕಾಗದದಿಂದ ಒದ್ದೆಯಾಗಿಯೇ ಉಜ್ಜಬೇಕು. ಮಕ್ಕಳನ್ನು ದೂರವಿಡಬೇಕು, ಮತ್ತು ಕೈ ತೊಳೆಯದೆ ಎಲೆ ಅಡಿಕೆಗೆ ಕೈ ಹಾಕಬಾರದು.

ತೆಗೆದ ಬಣ್ಣವನ್ನೂ ಉಳಿದ ಟರ್ಪೆಂಟೈನನ್ನೂ ಎಲ್ಲಿ ಹಾಕುತ್ತೀರಿ ಎಂಬುದು ನಮ್ಮ ಊರಿನಲ್ಲಿ ಸಣ್ಣ ಮಾತಲ್ಲ. ಗುಡ್ಡದ ಮುರಕಲ್ಲಿನೊಳಗೆ (ಜಂಬಿಟ್ಟಿಗೆಯೊಳಗೆ) ಕೊರೆದ ಸುರಂಗದಿಂದ ಹರಿದು ಬರುವ ನೀರನ್ನು ಕುಡಿಯುವ ಮನೆಗಳು ಬಾಯಾರು, ಶೇಣಿ ಕಡೆಗಳಲ್ಲಿ ಇಂದಿಗೂ ಇವೆ. ಮೇಲಿನ ತಟ್ಟಿನಲ್ಲಿ ಚೆಲ್ಲಿದ ಟರ್ಪೆಂಟೈನ್ ಮಳೆಯಲ್ಲಿ ಇಳಿದು ಯಾರ ಕೊಡಪಾನ ಸೇರುತ್ತದೆಂದು ಹೇಳಲಾಗದು. ಕೆರೆದದ್ದನ್ನು ಡಬ್ಬಿಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿ, ಅಪಾಯಕಾರಿ ಕಸವನ್ನು ಪಂಚಾಯತು ಸಂಗ್ರಹಿಸುವಾಗ ಕೊಡಬೇಕು. ಬಳಸಿದ ಟರ್ಪೆಂಟೈನನ್ನು ಬಾಟಲಿಯಲ್ಲಿ ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಬಣ್ಣ ತಳದಲ್ಲಿ ಕೂತು ಮೇಲಿನದು ತಿಳಿಯಾಗುತ್ತದೆ, ಅದನ್ನು ಬ್ರಶ್ ತೊಳೆಯಲು ಮತ್ತೆ ಬಳಸಬಹುದು. ಎಣ್ಣೆಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಬಣ್ಣ ಗಾಳಿಯನ್ನು ಹೀರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಒಂದೊಂದನ್ನೂ ಬಿಡಿಸಿ ಹೊರಗೆ ಹಗ್ಗದ ಮೇಲೆ ಹರಡಬೇಕು ಅಥವಾ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು.

ಬಣ್ಣ ಹೋದ ಮೇಲೆ ಎಣ್ಣೆ ತೆಗೆಯುವ ಕೆಲಸ. ಪಾತ್ರೆ ತೊಳೆಯುವ ಸಾಬೂನನ್ನು ಬಿಸಿನೀರಿನಲ್ಲಿ ಕದಡಿ, ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಶುದ್ಧ ನೀರಿನ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಟರ್ಪೆಂಟೈನ್ ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಹಳದಿ ಕಲೆ ಬರುವುದು ನಿಲ್ಲುವವರೆಗೆ ಪ್ರತಿಸಲ ಹೊಸ ಬಟ್ಟೆಯಿಂದ ಇದನ್ನೇ ಮಾಡಬೇಕು. ನಮ್ಮ ಗದೆಯ ಹಿಡಿಗೆ ಐದು ಸಲ ಬೇಕಾಯಿತು. ಆಮೇಲೆ 120, 180, 220 ಸಂಖ್ಯೆಯ ಮರಳುಕಾಗದವನ್ನು ಇದೇ ಕ್ರಮದಲ್ಲಿ, ಮರದ ನಾರಿನ ಜಾಡಿನಲ್ಲೇ ಉಜ್ಜಬೇಕು.

ಮರ ಒಣಗಿದೆಯೋ ಇಲ್ಲವೋ ಎಂಬುದನ್ನು ಕೈಯಿಂದ ಮುಟ್ಟಿ ಹೇಳಲಾಗದು. ಅಡುಗೆಮನೆಯ ತೂಕದ ಯಂತ್ರ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಗದೆಯನ್ನು ದಿನಕ್ಕೊಮ್ಮೆ ಅದೇ ಹೊತ್ತಿಗೆ ತೂಗಿ ಗೋಡೆಯ ಮೇಲೆ ಬರೆದಿಡುತ್ತ ಹೋಗಬೇಕು. ಮಳೆಯ ದಿನಗಳಲ್ಲಿ ತೂಕ ನಿಂತರೆ ಮರ ಗಾಳಿಯಷ್ಟೇ ಒದ್ದೆಯಾಗಿದೆ ಎಂದು ಮಾತ್ರ ಅರ್ಥ. ಬಿಸಿಲಿನ ದಿನಗಳಲ್ಲಿ ಮೂರು ದಿನ ಸತತವಾಗಿ ಒಂದೇ ತೂಕ ಬಂದರೆ ಬಣ್ಣಕ್ಕೆ ಹದವಾಗಿದೆ ಎಂದರ್ಥ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಸೋಲಾರ್ ಗೂಡಿನಲ್ಲಿ ಇಟ್ಟರೆ ಬೇಗ ಆಗುವುದೆಂದು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಬರಿಯ ಮರವನ್ನು ಅದರ ನೆರಳಿನ ಮೂಲೆಯಲ್ಲಿ ಇಡಬಹುದು. ನಡುವೆ ಇಟ್ಟರೆ ಒಂದೇ ಮಧ್ಯಾಹ್ನದಲ್ಲಿ ಸೀಳು ಬಿಡುತ್ತದೆ. ಬಣ್ಣ ಬಳಿದ ಮೇಲಂತೂ ಅಲ್ಲಿಗೆ ಒಯ್ಯಲೇಬಾರದು, ಮೇಲ್ಮೈ ಕೆನೆಗಟ್ಟಿ ಗುಳ್ಳೆ ಏಳುತ್ತದೆ.

ಎಣ್ಣೆ ಇಳಿದ ಹಳೆಯ ಮರಕ್ಕೆ ಪ್ರೈಮರಿಗಿಂತ ಮೊದಲು ಅರಗಿನ ಒಂದು ತೆಳು ಕೋಟು ಕೊಡುವುದು ಒಳ್ಳೆಯದು. ಅರಗು ಸ್ಪಿರಿಟ್‌ನಲ್ಲಿ ಕರಗುವುದು, ಟರ್ಪೆಂಟೈನಿನಲ್ಲಿ ಕರಗದು. ಆದ್ದರಿಂದ ಕೆಳಗಿನ ಎಣ್ಣೆಗೂ ಮೇಲಿನ ಎನಾಮಲಿಗೂ ನಡುವೆ ಅದು ಗೋಡೆಯಂತೆ ನಿಲ್ಲುತ್ತದೆ. ಬಣ್ಣದಂಗಡಿಯ ಪಾಲಿಶ್ ಸ್ಪಿರಿಟ್ 100 ಮಿಲಿಲೀಟರಿಗೆ ಅರಗಿನ ಪದರ 12 ಗ್ರಾಂ ಹಾಕಿ, ಮುಚ್ಚಿದ ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಟ್ಟು, ಬಟ್ಟೆಯಲ್ಲಿ ಸೋಸಿದರೆ ಸಾಕು. ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು. ತಿಂಗಳುಗಟ್ಟಲೆ ಇಟ್ಟ ಅರಗಿನ ದ್ರಾವಣ ಗಟ್ಟಿಯಾಗುವ ಗುಣ ಕಳೆದುಕೊಂಡು ತಾನೇ ಅಂಟುತ್ತದೆ. ಗಾಜಿನ ಚೂರಿನ ಮೇಲೆ ಒಂದು ಹನಿ ಹಚ್ಚಿ, ಮರುದಿನ ಉಗುರು ಊರದಿದ್ದರೆ ಮಾತ್ರ ಗದೆಗೆ ಹಚ್ಚಬೇಕು. ಮಳೆ ಬರುತ್ತಿರುವಾಗ ಹಚ್ಚಿದರೆ ಅರಗು ಬೆಳ್ಳಗೆ ಮಂಜುಗಟ್ಟುತ್ತದೆ, ಅದಕ್ಕೂ ಬಿಸಿಲಿನ ದಿನವೇ ಬೇಕು. ಅರಗು ಆರಿದ ಮೇಲೆ 220ರ ಕಾಗದದಿಂದ ಹಗುರವಾಗಿ ಸವರಿ ಮರದ ಪ್ರೈಮರ್ ಒಂದು ಕೋಟು ಬಳಿದು, ಗುಳಿಗಳಿಗೆ ಪುಟ್ಟಿ ತುಂಬಿ, 24 ಗಂಟೆ ಬಿಟ್ಟು ಮತ್ತೆ ಉಜ್ಜಬೇಕು.

ಬಣ್ಣದ ಆಯ್ಕೆಯಲ್ಲಿ ಎನಾಮಲೇ ಯಾಕೆ, ವಾಸನೆಯಿಲ್ಲದ ಅಕ್ರಿಲಿಕ್ ಆಗದೇ ಎಂದು ಕೇಳುವವರಿದ್ದಾರೆ. ಅಕ್ರಿಲಿಕ್ ಬೇಗ ಒಣಗುತ್ತದೆ ಮತ್ತು ಕಿರೀಟದಂಥ ಉಜ್ಜಾಟವಿಲ್ಲದ ವಸ್ತುಗಳಿಗೆ ಸರಿಹೋಗುತ್ತದೆ. ಆದರೆ ಅದರ ಪದರ ಬಿಸಿಗೆ ಮೆತ್ತಗಾಗುವ ಗುಣದ್ದು. ಮಾರ್ಚ್ ಎಪ್ರಿಲಿನ ಸೆಕೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಎರಡು ಅಕ್ರಿಲಿಕ್ ಮೈಗಳು ಒತ್ತಿಕೊಂಡಿದ್ದರೆ ಒಂದಕ್ಕೊಂದು ಹಿಡಿಯುತ್ತವೆ. ಬೆವರಿದ ಕೈಯಲ್ಲಿ ರಾತ್ರಿಯಿಡೀ ಹಿಡಿದು, ನೆಲಕ್ಕೆ ಕುಟ್ಟಿ, ಹೆಗಲಿಗೇರಿಸುವ ಗದೆಗೆ ಸರಿಯಾಗಿ ಹಣಿದ ಎನಾಮಲಿನ ಗಟ್ಟಿತನವೇ ಬೇಕು. ಥರ್ಮೋಕೋಲಿನಿಂದ ಮಾಡಿದ ಗದೆಯಾದರೆ ಮಾತ್ರ ಈ ಮಾತು ತಿರುಗುತ್ತದೆ. ಥಿನ್ನರ್, ಪೆಟ್ರೋಲ್, ಸ್ಪ್ರೇ ಬಣ್ಣ ಯಾವುದು ತಾಗಿದರೂ ಥರ್ಮೋಕೋಲ್ ಕರಗಿ ಗುಂಡಿ ಬೀಳುತ್ತದೆ, ಅದಕ್ಕೆ ಕಾಗದ ಮತ್ತು ಮೈದಾ ಅಂಟಿನ ಎರಡು ಪದರ ಸುತ್ತಿ ನೀರಿನ ಬಣ್ಣವನ್ನೇ ಬಳಿಯಬೇಕು. ಅಂಥದರ ಮೇಲಿನ ಬಣ್ಣ ಅಂಟಿದರೆ ಕೀಳುವ ಪ್ರಯತ್ನವನ್ನೇ ಮಾಡದೆ ಮೇಲಿನ ಕಾಗದದ ಪದರವನ್ನೇ ಸುಲಿದು ಹೊಸದು ಸುತ್ತುವುದು ಸುಲಭ.

ಬಳಿಯುವಾಗ ನೆನಪಿಡಬೇಕಾದದ್ದು ತೆಳುತನ. ಹೊಸ ಡಬ್ಬಿ ಕೊಂಡು, ಹತ್ತು ಪಾಲು ಎನಾಮಲಿಗೆ ಒಂದು ಪಾಲು ಟರ್ಪೆಂಟೈನ್ ಬೆರೆಸಿ, ಬ್ರಶ್ಶಿನ ತುದಿಯ ಮೂರನೇ ಒಂದು ಭಾಗವನ್ನು ಮಾತ್ರ ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, ಎಳೆದು ಎಳೆದು ಬಳಿಯಬೇಕು. ಮೊದಲ ಕೋಟಿನಲ್ಲಿ ಕೆಳಗಿನ ಪ್ರೈಮರ್ ಮಸುಕಾಗಿ ಕಾಣುತ್ತಿರಬೇಕು, ಕಾಣದಿದ್ದರೆ ದಪ್ಪವಾಗಿದೆ ಎಂದೇ ತಿಳಿಯಬೇಕು. ಉಬ್ಬುಗೆರೆಗಳ ಸಂದಿಯಲ್ಲಿ ಬಣ್ಣ ನಿಲ್ಲುತ್ತದೆ, ಅಲ್ಲಿಂದಲೇ ಅಂಟು ಹುಟ್ಟುತ್ತದೆ. ಆದ್ದರಿಂದ ಬಳಿದ ಐದು ನಿಮಿಷಕ್ಕೆ ಒಣ ಬ್ರಶ್ಶಿನಿಂದ ಸಂದಿಗಳ ಹೆಚ್ಚುವರಿ ಬಣ್ಣವನ್ನು ಎತ್ತಿಕೊಳ್ಳಬೇಕು. ಗದೆಯ ಹಿಡಿಯ ತುದಿಗೆ ಕೊಕ್ಕೆ ತಿರುಗಿಸಿ ಚಾವಡಿಯ ಜಂತಿಯಿಂದ ತೂಗಹಾಕಿದರೆ ಎಲ್ಲ ಬದಿಗೂ ಗಾಳಿ ತಾಗುತ್ತದೆ. ಗಾಳಿಯಾಡುವ ನೆರಳು ಉತ್ತಮ. ಒಲೆಯ ಮಾಡಿನ ಹೊಗೆ, ದೇವರ ದೀಪದ ಹತ್ತಿರ ಬೇಡ. ಬೆಳಗ್ಗೆ ಹತ್ತರ ನಂತರ ಇಬ್ಬನಿ ಆರಿದ ಮೇಲೆ ಬಳಿಯಲು ತೊಡಗಿ ಮಧ್ಯಾಹ್ನದೊಳಗೆ ಮುಗಿಸಿದರೆ ಸಂಜೆಯ ತಂಪು ಇಳಿಯುವ ಮೊದಲು ಮೇಲ್ಮೈ ಹಿಡಿಯುತ್ತದೆ. ಡಬ್ಬಿಯ ಮೇಲೆ ಎಂಟು ಗಂಟೆ ಎಂದಿದ್ದರೂ ನಮ್ಮ ಗಾಳಿಗೆ ಎರಡು ಕೋಟುಗಳ ಮಧ್ಯೆ ಎರಡು ಪೂರ್ಣ ದಿನ ಬಿಡುತ್ತೇನೆ, ಮತ್ತು ಹೆಬ್ಬೆರಳಿನ ತಿರುಚು ಪರೀಕ್ಷೆ ದಾಟದೆ ಮುಂದಿನ ಕೋಟಿಗೆ ಹೋಗುವುದಿಲ್ಲ. ಮೂರು ತೆಳು ಕೋಟು ಸಾಕಾಗುತ್ತದೆ. ನಡುನಡುವೆ 320ರ ಕಾಗದದಿಂದ ಸವರಿದಾಗ ಬೆಳ್ಳಗಿನ ಒಣ ಪುಡಿ ಉದುರಬೇಕು. ಪುಡಿಯ ಬದಲು ಸುರುಳಿ ಸುರುಳಿಯಾಗಿ ಬಂದರೆ ಇನ್ನೂ ಕಾಯಬೇಕು.

ಬಂಗಾರ ಬಣ್ಣವನ್ನು ಕೊನೆಗೆ, ಒಂದೇ ಕೋಟಾಗಿ ಬಳಿಯಬೇಕು. ಅದರಲ್ಲಿ ಹೊಳೆಯುವುದು ಹೆಚ್ಚಾಗಿ ತಾಮ್ರ ಮತ್ತು ಸತುವು ಬೆರೆತ ಹಿತ್ತಾಳೆಯ ಚಕ್ಕೆಗಳು. ಅವು ಒಂದರ ಮೇಲೊಂದು ಮಲಗಿದಾಗಲೇ ಹೊಳಪು ಬರುವುದರಿಂದ ಒಮ್ಮೆ ಎಳೆದ ಜಾಗದಲ್ಲಿ ಮತ್ತೆ ಬ್ರಶ್ ಆಡಿಸಬಾರದು. ಹೊಳಪು ಸಾಲದೆಂದು ಮತ್ತೆ ಮತ್ತೆ ಬಳಿಯುವುದರಿಂದಲೇ ಬಹುಪಾಲು ಗದೆಗಳು ಕೆಡುತ್ತವೆ. ದೊಂದಿ, ಗ್ಯಾಸ್‌ಲೈಟುಗಳ ಕಾಲದಲ್ಲಿ ಬೇಕಿದ್ದ ಹೊಳಪು ಇಂದಿನ ಎಲ್‌ಇಡಿ ದೀಪಗಳ ಮುಂದೆ ಬೇಕಾಗಿಯೂ ಇಲ್ಲ. ಬೆವರು ತಾಗಿ ಹಿತ್ತಾಳೆ ಕಪ್ಪಾಗದಂತೆ ಮೇಲೆ ವಾರ್ನಿಶ್ ಕೊಡುವುದಾದರೆ ಅದೂ ಎನಾಮಲಿನ ಜಾತಿಯದೇ ಆಗಿರಬೇಕು. ಎನಾಮಲಿನ ಮೇಲೆ ಥಿನ್ನರಿನಲ್ಲಿ ಕರಗುವ ಲ್ಯಾಕರ್ ಸಿಂಪಡಿಸಿದರೆ ಕೆಳಗಿನ ಬಣ್ಣ ಹಲಸಿನ ಹಪ್ಪಳದಂತೆ ಸುಕ್ಕಾಗಿ ಏಳುತ್ತದೆ. ಮೊದಲು ಒಂದು ಮರದ ತುಂಡಿಗೆ ಇದೇ ಕ್ರಮದಲ್ಲಿ ಎಲ್ಲ ಕೋಟುಗಳನ್ನೂ ಬಳಿದು ನೋಡುವುದು ಕ್ಷೇಮ, ಆ ತುಂಡನ್ನು ಮುಂದೆ ಪರೀಕ್ಷೆಗೂ ಬಳಸಬಹುದು. ಹಿಡಿಗೆ ರೆಕ್ಸಿನ್ನಿನ ಬದಲು ನಾವು ಹತ್ತಿಯ ಹುರಿಯನ್ನು ಒತ್ತೊತ್ತಾಗಿ ಸುತ್ತಿ, ಬಣ್ಣವಿಲ್ಲದೆ ಹಾಗೆಯೇ ಬಿಟ್ಟೆವು. ಬೆವರನ್ನು ಅದು ಹೀರಿಕೊಳ್ಳುತ್ತದೆ, ಜಾರುವುದಿಲ್ಲ, ಕೊಳೆಯಾದರೆ ಬಿಚ್ಚಿ ಹೊಸದು ಸುತ್ತಬಹುದು.

ಕೊನೆಯ ಕೋಟಿನ ನಂತರ ಗದೆಯನ್ನು ಕನಿಷ್ಠ ಎರಡು ವಾರ ತೂಗಹಾಕಿಯೇ ಇಡಬೇಕು. ಮುಟ್ಟಿದರೆ ಅಂಟದಿರುವುದು ಬೇರೆ, ಒಳಗೆ ಗಟ್ಟಿಯಾಗಿರುವುದು ಬೇರೆ. ಪರೀಕ್ಷೆಯ ಮರದ ತುಂಡಿನ ಮೇಲೆ ಮಕಮಲ್ಲಿನ ಚೂರನ್ನಿಟ್ಟು, ಅದರ ಮೇಲೆ ಒಂದು ಇಟ್ಟಿಗೆ ಹೇರಿ ಒಂದು ರಾತ್ರಿ ಬಿಟ್ಟು, ಮರುದಿನ ಎತ್ತಿದಾಗ ಒಂದು ನವಿರೂ ಹಿಡಿಯದಿದ್ದರೆ ಗದೆಯನ್ನು ಪೆಟ್ಟಿಗೆಗೆ ಹಾಕಬಹುದು. ಪತ್ರಿಕೆ ಮತ್ತು ಪ್ಲಾಸ್ಟಿಕ್ ಸುತ್ತುವುದನ್ನು ನಾವು ನಿಲ್ಲಿಸಿದ್ದೇವೆ; ತೊಳೆದು ಗಂಜಿ ಬಿಡಿಸಿದ ಕೋರಾ ಬಟ್ಟೆಯ ಚೀಲ ಹೊಲಿಸಿ ಅದರೊಳಗೆ ಇಡುತ್ತೇವೆ. ಚೀಲದ ಬಾಯಿಗೆ ಕಟ್ಟಿದ ರಟ್ಟಿನ ಚೀಟಿಯಲ್ಲಿ ಅರಗು, ಪ್ರೈಮರ್, ಪ್ರತಿಯೊಂದು ಕೋಟು ಬಳಿದ ದಿನ, ಬಣ್ಣದ ಜಾತಿ ಮತ್ತು ಆ ದಿನ ಮಳೆಯೋ ಬಿಸಿಲೋ ಎಂಬುದನ್ನು ಬರೆದಿದ್ದೇವೆ. ಇನ್ನು ಹತ್ತು ವರ್ಷ ಕಳೆದು ಈ ಗದೆಯ ಬಣ್ಣವನ್ನು ಬೇರೆ ಯಾರೋ ಕೀಳಲು ಕುಳಿತಾಗ, ಸ್ಪಿರಿಟ್ ಹಚ್ಚಬೇಕೋ ಟರ್ಪೆಂಟೈನ್ ಹಚ್ಚಬೇಕೋ ಎಂಬುದು ಅವರಿಗೆ ಆ ಚೀಟಿಯಿಂದಲೇ ತಿಳಿಯುತ್ತದೆ.